ಆಟದ ಊರಿಗೆ ಹೆಸರಿಡುವ ಬಗೆ

ಕಂಪ್ಯೂಟರಿನ ತಂತ್ರದ ಆಟಗಳಲ್ಲಿ, ಅಂದರೆ ಸ್ಟ್ರಾಟಜಿ ಗೇಮ್‌ಗಳಲ್ಲಿ, ಆಟಗಾರನ ಮೊದಲ ಕೆಲಸ ಸಾಮಾನ್ಯವಾಗಿ ಒಂದು ಊರು ಕಟ್ಟುವುದು. 1991ರಲ್ಲಿ ಬಂದ ಸಿಡ್ ಮೈಯರ್ ಅವರ ‘ಸಿವಿಲೈಸೇಷನ್’ ಈ ಬಗೆಯ ಆಟಗಳಿಗೆಲ್ಲ ಮಾದರಿಯಾಯಿತು. ಅದರಲ್ಲಿ ವಲಸಿಗರ ತಂಡವೊಂದು ನೀರು, ಹುಲ್ಲುಗಾವಲು ನೋಡಿಕೊಂಡು ಒಂದು ಕಡೆ ಬೀಡು ಬಿಡುತ್ತದೆ. ಆಗ ಪರದೆಯ ಮೇಲೆ ಚಿಕ್ಕದೊಂದು ಚೌಕ ತೆರೆದು ಊರಿನ ಹೆಸರು ಕೇಳುತ್ತದೆ. ಚೌಕದಲ್ಲಿ ಆಗಲೇ ಒಂದು ಹೆಸರು ಬರೆದಿರುತ್ತದೆ. ಅದನ್ನೇ ಒಪ್ಪಿಕೊಂಡು ಮುಂದೆ ಹೋಗಬಹುದು. ಅಳಿಸಿ ಬೇರೆ ಬರೆಯಲೂಬಹುದು. ಹೆಸರು ಯಾವುದಾದರೂ ಊರಿನ ಬೆಳೆ, ಸೈನ್ಯ, ಖಜಾನೆ ಒಂದಿಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ. ಹೀಗಿದ್ದೂ ಅನೇಕರು ಅಲ್ಲಿ ನಿಂತು ಯೋಚಿಸುತ್ತಾರೆ.

ಸಿದ್ಧ ಪಟ್ಟಿಯ ಹೆಸರುಗಳು

ಚೌಕದಲ್ಲಿ ಮೊದಲೇ ಕಾಣುವ ಹೆಸರು ಆಟ ತಯಾರಿಸಿದವರು ಬರೆದಿಟ್ಟ ಪಟ್ಟಿಯದು. ಪ್ರತಿ ನಾಡಿಗೂ ಒಂದು ಪಟ್ಟಿ ಇರುತ್ತದೆ. ಮೊದಲ ಹೆಸರು ರಾಜಧಾನಿಗೆ, ಉಳಿದವು ಒಂದಾದ ಮೇಲೊಂದರಂತೆ ಮುಂದಿನ ಊರುಗಳಿಗೆ. 1991ರ ಆಟದಲ್ಲಿ ಭಾರತಕ್ಕೆ ಹದಿನಾರು ಹೆಸರುಗಳಿದ್ದವು. ದೆಹಲಿ, ಬಾಂಬೆ, ಮದ್ರಾಸ್ ಆದ ಮೇಲೆ ನಾಲ್ಕನೆಯದಾಗಿ ಬ್ಯಾಂಗಲೂರ್ ಬರುತ್ತಿತ್ತು. ಲಾಹೋರ್, ಕರಾಚಿ, ಢಾಕಾ, ಚಿತ್ತಗಾಂಗ್ ಅದೇ ಪಟ್ಟಿಯಲ್ಲಿದ್ದವು. ಬಂಗಾಳ ಮತ್ತು ಪಂಜಾಬ್ ಎಂಬ ಪ್ರಾಂತ್ಯಗಳೂ ಊರಿನ ಹೆಸರಾಗಿದ್ದವು. ಕೊನೆಯ ಎರಡು ಹೆಸರುಗಳಂತೂ ಸಿಂಧೂ ಮತ್ತು ಗಂಗಾ. ನದಿ, ಪ್ರಾಂತ್ಯ, ಪಟ್ಟಣಗಳ ವ್ಯತ್ಯಾಸವನ್ನು ಪಟ್ಟಿ ಮಾಡಿದವರು ಹೆಚ್ಚು ತಲೆಗೆ ಹಚ್ಚಿಕೊಂಡಿರಲಿಲ್ಲ.

2010ರಲ್ಲಿ ಬಂದ ಐದನೆಯ ಆವೃತ್ತಿಯ ಹೊತ್ತಿಗೆ ಪಟ್ಟಿ ಬೆಳೆಯಿತು, ಇತಿಹಾಸಕ್ಕೂ ಜಾಗ ಸಿಕ್ಕಿತು. ಅದರಲ್ಲಿ ದೆಹಲಿ, ಮುಂಬೈ ಆದ ಕೂಡಲೇ ವಿಜಯನಗರ. ಆಮೇಲೆ ಪಾಟಲಿಪುತ್ರ, ವಾರಾಣಸಿ. ಬೆಂಗಳೂರು ಇನ್ನೂ ಕೆಳಗಿದೆ, ಗುಲ್ಬರ್ಗಾ ಅದಕ್ಕಿಂತಲೂ ಕೆಳಗೆ. ಈ ಮೇಲು ಕೆಳಗಿನ ಲೆಕ್ಕಕ್ಕೆ ಬೆಲೆಯಿದೆ. ಹತ್ತು ಹನ್ನೆರಡು ಊರು ಕಟ್ಟುವುದರೊಳಗೆ ಎಷ್ಟೋ ಆಟಗಳು ಮುಗಿದುಹೋಗುತ್ತವೆ. ಹೀಗಾಗಿ ಪಟ್ಟಿಯ ತಳದ ಹೆಸರುಗಳು ಆಟಗಾರನ ಕಣ್ಣಿಗೇ ಬೀಳುವುದಿಲ್ಲ. ಯಾವ ಊರು ಮೊದಲು, ಯಾವುದು ಕೊನೆ ಎಂದು ಗೊತ್ತುಮಾಡಿದವರು ಆ ನಾಡಿನ ಬಗ್ಗೆ ಒಂದು ತೀರ್ಪನ್ನೇ ಕೊಟ್ಟಂತಾಯಿತು.

ಪಟ್ಟಿ ಮುಗಿದರೆ ಏನು ಮಾಡಬೇಕೆಂಬುದಕ್ಕೂ ಆಟಗಳಲ್ಲಿ ನಿಯಮವಿದೆ. ಮೂರನೆಯ ಸಿವಿಲೈಸೇಷನ್‌ನಲ್ಲಿ ಹಳೆಯ ಹೆಸರಿನ ಹಿಂದೆ ‘ನ್ಯೂ’ ಸೇರುತ್ತದೆ. ರೋಮಿನವರು ಪಟ್ಟಿ ಖರ್ಚು ಮಾಡಿದ ಮೇಲೆ ನ್ಯೂ ರೋಮ್ ಹುಟ್ಟುತ್ತದೆ. ಕರ್ನಾಟಕದವರಿಗೆ ಇದೇನೂ ಹೊಸದಲ್ಲ. ಹೊಸಪೇಟೆ, ಹೊಸಕೋಟೆ, ಹೊಸದುರ್ಗಗಳೆಲ್ಲ ಇದೇ ದಾರಿಯಲ್ಲಿ ಬಂದ ಹೆಸರುಗಳು.

ಸ್ವಂತ ಹೆಸರು ಎಲ್ಲಿಂದ ಬರುತ್ತದೆ?

ಪಟ್ಟಿಯನ್ನು ಬದಿಗಿಟ್ಟು ಸ್ವಂತ ಹೆಸರಿಡುವವರು ಹಿಡಿಯುವ ದಾರಿಗಳು ಹಲವು. ಇವು ಆಟಗಾರರು ಕಂಡುಕೊಂಡ ದಾರಿಗಳೇನಲ್ಲ. ನಿಜವಾದ ಊರು ಕಟ್ಟಿದ ಅರಸರೂ ಇವನ್ನೇ ತುಳಿದವರು.

ಮೊದಲನೆಯದು ತನ್ನವರ ಹೆಸರು. ಆಟಗಾರರು ತಮ್ಮ ಹೆಸರನ್ನೋ ತಂಗಿಯ, ಗೆಳೆಯನ, ಸಾಕುನಾಯಿಯ ಹೆಸರನ್ನೋ ಊರಿಗೆ ಇಡುತ್ತಾರೆ. ಕೃಷ್ಣದೇವರಾಯ ಇಂದಿನ ಹೊಸಪೇಟೆ ಇರುವಲ್ಲಿ ಕಟ್ಟಿಸಿದ ಪಟ್ಟಣಕ್ಕೆ ತಾಯಿ ನಾಗಲಾಂಬಿಕೆಯ ನೆನಪಿಗೆ ನಾಗಲಾಪುರ ಎಂದು ಹೆಸರಿಟ್ಟನೆಂಬುದು ಪ್ರಸಿದ್ಧ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ. 1948ರಲ್ಲಿ ಶುರುವಾದ ಬೆಂಗಳೂರಿನ ಜಯನಗರದಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ ಹೆಸರಿದೆ. ವ್ಯಕ್ತಿಯ ಹೆಸರು ಊರಿಗೆ ಅಂಟಿಯೇ ಇರುತ್ತದೆಂಬ ಭರವಸೆ ಮಾತ್ರ ಇಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದನ್ನು ಹೈದರನಗರ ಎಂದು ಕರೆದ. ಇಂದು ಹೊಸನಗರ ತಾಲ್ಲೂಕಿನ ಆ ಊರು ಬರೀ ನಗರ. ಹೈದರನ ಹೆಸರು ಉದುರಿಹೋಗಿದೆ.

ಎರಡನೆಯದು ಒಂದೇ ಎಳೆಯ ಹೆಸರುಗಳು. ಒಬ್ಬರು ಎಲ್ಲ ಊರುಗಳಿಗೂ ನದಿಗಳ ಹೆಸರಿಡುತ್ತಾರೆ, ಇನ್ನೊಬ್ಬರು ರಾಗಗಳ ಹೆಸರು, ಮತ್ತೊಬ್ಬರು ತಿಂಡಿಗಳ ಹೆಸರು. ಒಮ್ಮೆ ಎಳೆ ಹಿಡಿದರೆ ಮುಂದಿನ ಹೆಸರಿಗೆ ತಡಕಾಡಬೇಕಿಲ್ಲ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತದ ಹುಚ್ಚು. 1599ರಲ್ಲಿ ರಾಜಧಾನಿಯ ಪಕ್ಕದಲ್ಲೇ ಕಟ್ಟಲು ಹೊರಟ ಹೊಸ ನಗರಕ್ಕೆ ಅವನು ನೌರಸಪುರ ಎಂದ. ಅವನ ಗೀತೆಗಳ ಗ್ರಂಥದ ಹೆಸರು ‘ಕಿತಾಬ್-ಎ-ನೌರಸ್’. ಪುಸ್ತಕಕ್ಕೂ ಪಟ್ಟಣಕ್ಕೂ ಒಂದೇ ಎಳೆ.

ಮೂರನೆಯದು ನೆಲ ನೋಡಿ ಇಡುವ ಹೆಸರು. ಈ ಕೆಲಸಕ್ಕೆ ಕನ್ನಡದಲ್ಲಿ ಸರಕು ಧಾರಾಳ. ಕೆರೆ, ಕಟ್ಟೆ, ಹೊಳೆ, ಗಿರಿ, ದುರ್ಗ, ಹಳ್ಳಿ, ಪೇಟೆ, ಪಾಳ್ಯ, ಯಾವುದನ್ನು ಕೊನೆಗೆ ಸೇರಿಸಿದರೂ ಹೆಸರು ಕೇಳಿದವರಿಗೆ ಜಾಗದ ಗುರುತು ಹತ್ತುತ್ತದೆ. ನಾಲ್ಕನೆಯದು ಕೆಲಸ ನೋಡಿ ಇಡುವ ಹೆಸರು. ಕಬ್ಬಿಣದ ಗಣಿಯ ಪಕ್ಕದ ಊರು, ಹಡಗು ಕಟ್ಟುವ ಊರು, ಗಡಿ ಕಾಯುವ ಊರು ಎಂದು ಗೊತ್ತಾಗುವ ಹಾಗೆ ಹೆಸರಿಟ್ಟರೆ ಆಡುವಾಗ ಅನುಕೂಲ. ಐದನೆಯದು ತಮಾಷೆ. ಸೋಲುವುದು ಖಚಿತವಾದ ಊರಿಗೆ ‘ನಾಳೆ ಬಾ’ ಎಂದು ಹೆಸರಿಟ್ಟು ನಗುವವರೂ ಇದ್ದಾರೆ.

ಯಂತ್ರಕ್ಕೆ ನೆಲ ತೋರಿಸುವ ಫ್ರೀಸಿವ್

ನೆಲ ನೋಡಿ ಹೆಸರಿಡುವ ಕೆಲಸವನ್ನು ಯಂತ್ರಕ್ಕೇ ಕಲಿಸಿದ ಆಟ ‘ಫ್ರೀಸಿವ್’. ಡೆನ್ಮಾರ್ಕಿನ ಓರ್ಹುಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿ 1996ರಲ್ಲಿ ಹೊರತಂದ ಈ ಆಟ ಉಚಿತ. ಅದರ ಕಡತಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಒಂದೊಂದು ನಾಡಿಗೂ ಒಂದೊಂದು ಕಡತವಿದ್ದು ಅದರಲ್ಲಿ ಊರುಗಳ ಹೆಸರಿರುತ್ತದೆ. ಹೆಸರಿನ ಮುಂದೆ ಆವರಣದಲ್ಲಿ ಆ ಊರಿಗೆ ತಕ್ಕ ನೆಲದ ಲಕ್ಷಣಗಳನ್ನು ಬರೆಯಬಹುದು: ಸಮುದ್ರ, ನದಿ, ಬೆಟ್ಟ, ಕಾಡು, ಮರಳುಗಾಡು ಹೀಗೆ. ಬೇಡದ ಲಕ್ಷಣದ ಹಿಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅಂಥ ಜಾಗದಲ್ಲಿ ಆ ಹೆಸರನ್ನು ಆಟ ಹಿಂದಕ್ಕೆ ತಳ್ಳುತ್ತದೆ.

ಕನ್ನಡ ನಾಡಿಗೆ ಇಂಥದೊಂದು ಕಡತ ಬರೆಯುವುದಾದರೆ ಮಂಗಳೂರಿನ ಮುಂದೆ ಸಮುದ್ರ ಮತ್ತು ನದಿ, ಮಡಿಕೇರಿಯ ಮುಂದೆ ಬೆಟ್ಟ ಮತ್ತು ಕಾಡು, ಶ್ರೀರಂಗಪಟ್ಟಣದ ಮುಂದೆ ನದಿ ಎಂದು ಗುರುತಿಸಬೇಕಾಗುತ್ತದೆ. ವಿಜಯಪುರಕ್ಕೆ ಬಯಲು ಬೇಕು, ಸಮುದ್ರ ಕೂಡದು. ಹೀಗೆ ಬರೆದಿಟ್ಟರೆ ಆಟಗಾರ ಕರಾವಳಿಯಲ್ಲಿ ಊರು ಕಟ್ಟಿದಾಗ ಚೌಕದಲ್ಲಿ ಕಲಬುರಗಿಯ ಬದಲು ಕಾರವಾರ ಬರುವ ಸಂಭವ ಹೆಚ್ಚು. ನಕ್ಷೆ ಕಾಲ್ಪನಿಕವಾದರೂ ಹೆಸರು ಮತ್ತು ನೆಲ ಹೊಂದಿಕೊಂಡಿರುತ್ತವೆ.

ನಿಲಾಯ್: ನಿಜವಾದ ಊರಿನ ಮಾದರಿ

ಪಟ್ಟಣ ಕಟ್ಟುವುದನ್ನೇ ಆಟ ಮಾಡಿಕೊಂಡದ್ದು ವಿಲ್ ರೈಟ್ ಅವರ ‘ಸಿಮ್‌ಸಿಟಿ’ (1989). ಅದೇ ಜಾಡಿನಲ್ಲಿ ಫಿನ್ಲೆಂಡಿನಿಂದ ಬಂದದ್ದು ‘ಸಿಟೀಸ್: ಸ್ಕೈಲೈನ್ಸ್’ (2015). ಇವುಗಳಲ್ಲಿ ಊರಿಗೆ ಒಂದು ಹೆಸರಿಟ್ಟರೆ ಸಾಲದು. ಸ್ಕೈಲೈನ್ಸ್‌ನಲ್ಲಿ ಬಡಾವಣೆಗಳಿಗೂ ಕಟ್ಟಡಗಳಿಗೂ ಹೆಸರಿಡಬಹುದು. ಆಟ ತಾನಾಗಿ ಕೊಡುವ ಹೆಸರುಗಳು ಯಾವ ನಾಡಿಗೂ ಸೇರದ ಹೆಸರುಗಳು. ತಮ್ಮ ನಗರ ನಿಜದಂತೆ ಕಾಣಬೇಕೆನ್ನುವ ಆಟಗಾರರು ನಿಜವಾದ ಹೊಸ ಪಟ್ಟಣಗಳ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಳ್ಳುತ್ತಾರೆ.

ಮಲೇಷ್ಯಾದ ನಿಲಾಯ್ ಅಂಥ ಒಳ್ಳೆಯ ಮಾದರಿ. ನೆಗೆರಿ ಸೆಂಬಿಲಾನ್ ರಾಜ್ಯದ ಸೆರೆಂಬಾನ್ ಜಿಲ್ಲೆಯಲ್ಲಿರುವ ಈ ಪಟ್ಟಣದ ಮೇಲೆ ಕೌಲಾಲಂಪುರದಿಂದ ಸೆರೆಂಬಾನಿಗೆ ಹೋಗುವ ರೈಲುಮಾರ್ಗ ಹಾದುಹೋಗುತ್ತದೆ. 1998ರಲ್ಲಿ ತೆರೆದ ಕೌಲಾಲಂಪುರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಇಲ್ಲಿಗೆ ಹತ್ತಿರ. ಹಳೆಯ ಪೇಟೆಯ ಬಳಿಯಲ್ಲೇ ಬೆಳೆದ ಯೋಜಿತ ಪಟ್ಟಣದ ಹೆಸರು ಬಂದರ್ ಬಾರು ನಿಲಾಯ್, ಅಂದರೆ ನಿಲಾಯ್ ಹೊಸ ಪಟ್ಟಣ. ಪುತ್ರ ನಿಲಾಯ್ ಎಂಬ ಹೆಸರೂ ಅದಕ್ಕಿದೆ. ಬಟ್ಟೆ, ನೆಲಹಾಸು, ಮನೆಸಾಮಾನುಗಳ ಸಗಟು ಮಾರುಕಟ್ಟೆಗೆ ಜನ ‘ನಿಲಾಯ್ 3’ ಎನ್ನುತ್ತಾರೆ. ವಿಶ್ವವಿದ್ಯಾಲಯಗಳಿರುವ ಈ ಊರಿನಲ್ಲಿ ಒಂದಕ್ಕೆ ಊರಿನದೇ ಹೆಸರು, ನಿಲಾಯ್ ವಿಶ್ವವಿದ್ಯಾಲಯ. ಹೀಗೆ ಒಂದು ಹಳೆಯ ಹೆಸರು ‘ಹೊಸ’ ಸೇರಿಸಿಕೊಂಡು, ಗೌರವದ ಪದ ಸೇರಿಸಿಕೊಂಡು, ಅಂಕಿ ಸೇರಿಸಿಕೊಂಡು ನಾಲ್ಕು ಜಾಗಗಳಿಗೆ ಹಂಚಿಹೋಗಿದೆ. ನಿಜವಾದ ಪಟ್ಟಣ ಬೆಳೆಯುವುದು ಹೀಗೆ. ಪ್ರತಿ ಬಡಾವಣೆಗೂ ಸಂಬಂಧವಿಲ್ಲದ ಹೊಸ ಹೆಸರು ಹುಟ್ಟುವುದಿಲ್ಲ.

ನಿಲಾಯ್ ಸುತ್ತಮುತ್ತ ಉಳಿದ ಬಗೆಗಳೂ ಸಿಗುತ್ತವೆ. ದೇಶದ ಆಡಳಿತ ಕೇಂದ್ರ ಪುತ್ರಜಯ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ ಅವರ ಹೆಸರು ಹೊತ್ತಿದೆ. ಪಕ್ಕದ ಸೈಬರ್‌ಜಯ ತಂತ್ರಜ್ಞಾನದ ಕಂಪನಿಗಳಿಗಾಗಿ ಕಟ್ಟಿದ್ದು, ಹೆಸರೇ ಕೆಲಸ ಹೇಳುತ್ತದೆ. ಕರಾವಳಿಯ ಪೋರ್ಟ್ ಡಿಕ್ಸನ್ ಬ್ರಿಟಿಷ್ ಅಧಿಕಾರಿಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಪೋರ್ಟ್ ಸ್ವೆಟನ್‌ಹ್ಯಾಮ್ ಮಾತ್ರ ಪೋರ್ಟ್ ಕ್ಲಾಂಗ್ ಆಯಿತು. ತಂತ್ರದ ಆಟದ ನಕ್ಷೆಯಲ್ಲೂ ಈ ಪ್ರದೇಶ ಕಾಣಿಸಿಕೊಂಡಿದೆ: ಐದನೆಯ ಸಿವಿಲೈಸೇಷನ್‌ನಲ್ಲಿ ಕೌಲಾಲಂಪುರ ಒಂದು ನಗರ ರಾಜ್ಯ.

ಗೆದ್ದ ಊರಿನ ಹೆಸರು

ಇನ್ನೊಬ್ಬರ ಊರನ್ನು ಗೆದ್ದಾಗ ಹೆಸರಿನ ಪ್ರಶ್ನೆ ಮತ್ತೆ ಏಳುತ್ತದೆ. ಸಿವಿಲೈಸೇಷನ್ ಆಟಗಳಲ್ಲಿ ಗೆದ್ದ ಊರು ಹಳೆಯ ಹೆಸರನ್ನೇ ಇಟ್ಟುಕೊಂಡಿರುತ್ತದೆ. ರೋಮ್, ಪ್ಯಾರಿಸ್, ದೆಹಲಿ ಒಂದೇ ಬಣ್ಣದಲ್ಲಿ ಕಂಡರೆ ಯಾರು ಯಾರಿಂದ ಏನು ಕಸಿದರೆಂಬುದು ನಕ್ಷೆಯಲ್ಲೇ ಓದಿಗೆ ಸಿಗುತ್ತದೆ. ಕೆಲವರು ಈ ಕಾರಣಕ್ಕೇ ಅವನ್ನು ಬದಲಿಸುವುದಿಲ್ಲ. ಕೆಲವರು ಗೆದ್ದ ಕೂಡಲೇ ಬದಲಿಸುತ್ತಾರೆ.

‘ಯೂರೋಪಾ ಯೂನಿವರ್ಸಾಲಿಸ್ 4’ ಮತ್ತು ‘ಕ್ರುಸೇಡರ್ ಕಿಂಗ್ಸ್’ ಆಟಗಳಲ್ಲಿ ಕೆಲವು ಹೆಸರುಗಳು ತಾವಾಗಿಯೇ ಬದಲಾಗುತ್ತವೆ. ಮೊದಲನೆಯದರಲ್ಲಿ ಆಟೋಮನ್ ತುರ್ಕರ ಕೈಸೇರಿದ ಕಾನ್‌ಸ್ಟಾಂಟಿನೋಪಲ್ ಅವರ ಉಚ್ಚಾರದ ಕೊಸ್ತಾಂತಿನಿಯ್ಯೆ ಆಗುತ್ತದೆ. ಎರಡನೆಯದರಲ್ಲಿ ಆಳುವವರ ಸಂಸ್ಕೃತಿಗೆ ತಕ್ಕ ಹೆಸರು ಬರುತ್ತದೆ. 2014ರ ‘ರಾಜಾಸ್ ಆಫ್ ಇಂಡಿಯಾ’ ಸೇರ್ಪಡೆಯಿಂದ ಭಾರತ ಆ ನಕ್ಷೆಗೆ ಬಂತು, ಅದರೊಂದಿಗೆ ಕನ್ನಡ ಸಂಸ್ಕೃತಿಯೂ. 2020ರ ಮೂರನೆಯ ಆವೃತ್ತಿಯಲ್ಲಿ 867ನೇ ಇಸವಿಯಿಂದ ಆಟ ಶುರುಮಾಡಿದರೆ ರಾಷ್ಟ್ರಕೂಟರ ಅಮೋಘವರ್ಷನಾಗಿ ಆಡಬಹುದು.

ಆಟದಲ್ಲಿ ಒಂದು ಕ್ಷಣದಲ್ಲಿ ಮುಗಿಯುವ ಈ ಕೆಲಸ ಹೊರಗೆ ವರ್ಷಗಟ್ಟಲೆ ಹಿಡಿಯುತ್ತದೆ. ಬೆಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ, ಕಲಬುರಗಿ ಸೇರಿ ಹನ್ನೆರಡು ನಗರಗಳಿಗೆ ಇಂಗ್ಲಿಷಿನಲ್ಲೂ ಕನ್ನಡದ ರೂಪವೇ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಪ್ರಸ್ತಾಪ ಹುಟ್ಟಿದ್ದು ಅದಕ್ಕೆ ಸುಮಾರು ಒಂಬತ್ತು ವರ್ಷ ಮೊದಲು. ಕಾಸರಗೋಡಿನ ಕನ್ನಡದ ಊರುಗಳ ಹೆಸರನ್ನು ಮಲಯಾಳಕ್ಕೆ ತಿರುಗಿಸುತ್ತಾರೆಂಬ ಸುದ್ದಿ 2021ರಲ್ಲಿ ಹರಡಿದಾಗ ಕರ್ನಾಟಕದಿಂದ ಜೋರಾಗಿ ಆಕ್ಷೇಪ ಬಂತು. ಅಂಥ ತೀರ್ಮಾನ ಆಗಿಲ್ಲವೆಂದು ಕೇರಳ ಹೇಳಬೇಕಾಯಿತು.

ಲಿಪಿಯ ತೊಡಕು

ಕನ್ನಡದ ಹೆಸರಿಡಲು ಹೊರಟವರಿಗೆ ಇನ್ನೊಂದು ತೊಂದರೆ ಇದೆ. ಬಹುಪಾಲು ಆಟಗಳ ಅಕ್ಷರ ವಿನ್ಯಾಸದಲ್ಲಿ ಕನ್ನಡ ಲಿಪಿ ಇಲ್ಲ. ಇದ್ದರೂ ಗುಣಿತ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಬೇಕು. ಅದಿಲ್ಲದ ಕಡೆ ‘ಹುಬ್ಬಳ್ಳಿ’ ಎಂದು ಬರೆದರೆ ಖಾಲಿ ಚೌಕಗಳೋ ಒಡೆದ ಅಕ್ಷರಗಳೋ ಕಾಣುತ್ತವೆ. ಹಾಗಾಗಿ ಹೆಸರು ಕನ್ನಡದ್ದಾದರೂ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ.

ಯಾವುದು ಒಳ್ಳೆಯ ಹೆಸರು?

ಆಟ ಮುಂದುವರಿದಂತೆ ಹೆಸರಿನ ಕೆಲಸ ಹೆಚ್ಚುತ್ತದೆ. ಇಂಥ ಊರಿನಲ್ಲಿ ಕಣಜ ಮುಗಿಯಿತು, ಇಂಥ ಊರಿಗೆ ಮುತ್ತಿಗೆ ಬಿತ್ತು ಎಂಬ ಸೂಚನೆಗಳೆಲ್ಲ ಹೆಸರು ಹಿಡಿದೇ ಬರುತ್ತವೆ. ಇಪ್ಪತ್ತು ಊರುಗಳಿರುವಾಗ ಹೆಸರು ಕೇಳಿದ ಕೂಡಲೇ ಜಾಗ ಹೊಳೆಯದಿದ್ದರೆ ನಕ್ಷೆಯೆಲ್ಲ ಹುಡುಕಬೇಕು. ಆದ್ದರಿಂದ ಹೆಸರು ಚಿಕ್ಕದಾಗಿರಬೇಕು, ಒಂದರಂತೆ ಇನ್ನೊಂದು ಕೇಳಿಸಬಾರದು, ಊರಿನ ನೆಲವನ್ನೋ ಕೆಲಸವನ್ನೋ ಒಂದಿಷ್ಟು ಹೇಳಬೇಕು. ಮೊದಲ ದಿನದ ತಮಾಷೆಯ ಹೆಸರು ನೂರು ಸರದಿ ಕಳೆಯುವಷ್ಟರಲ್ಲಿ ಹಳಸುತ್ತದೆ. ಸಿದ್ಧ ಪಟ್ಟಿಯ ಹೆಸರಿನಿಂದ ಆಟಕ್ಕೆ ನಷ್ಟವೇನೂ ಇಲ್ಲ, ಆದರೆ ಅದು ಬೇರೆಯವರು ಕಂಡ ಭಾರತ. ಅದರಲ್ಲಿ ಬಾದಾಮಿ, ಬನವಾಸಿ, ಮಾನ್ಯಖೇಟಗಳು ಬರಬೇಕೆಂದಿದ್ದರೆ ಚೌಕದಲ್ಲಿರುವುದನ್ನು ಅಳಿಸಿ ಬರೆಯುವ ಕೆಲಸ ಆಟಗಾರನದೇ.