ಕಾಲ ಹರಿಯುತ್ತದೆಯೇ, ಇದ್ದಲ್ಲೇ ಇದೆಯೇ?

ದೀಪಾವಳಿ ಅಮಾವಾಸ್ಯೆಯಂದು ಕತ್ತಲಾದ ಮೇಲೆ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಹೊಲದ ಬದುವಿನಲ್ಲಿ ನಿಂತು ಈಶಾನ್ಯದತ್ತ ನೋಡಿದರೆ, ಮಸುಕಾದ ಬೆಳಕಿನ ಮಚ್ಚೆಯೊಂದು ಕಾಣಿಸುತ್ತದೆ. ಅದು ಆಂಡ್ರೊಮಿಡಾ ಗೆಲಾಕ್ಸಿ. ನಮ್ಮ ಕಣ್ಣಿಗೆ ಬಿದ್ದ ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ನಾವು ನೋಡುತ್ತಿರುವುದು ಭೂತಕಾಲವನ್ನು. ಹಾಗಾದರೆ ಅಲ್ಲಿ ‘ಈಗ’ ಏನು ನಡೆಯುತ್ತಿದೆ?

1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದಂತೆ, ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಬದುವಿನಲ್ಲಿ ನಿಂತವರ ‘ಈಗ’ಕ್ಕೂ ಗೆಲಾಕ್ಸಿಯ ದಿಕ್ಕಿಗೆ ಸಹಜವಾಗಿ ನಡೆದು ಹೋಗುತ್ತಿರುವವರ ‘ಈಗ’ಕ್ಕೂ, ಅಷ್ಟು ದೂರದಲ್ಲಿ, ಮೂರು ನಾಲ್ಕು ದಿನಗಳ ಅಂತರ ಬೀಳುತ್ತದೆ. ಒಬ್ಬರ ಪಾಲಿಗೆ ಅಲ್ಲಿ ನಡೆದುಹೋದದ್ದು ಇನ್ನೊಬ್ಬರಿಗೆ ಇನ್ನೂ ನಡೆಯಬೇಕಾದದ್ದು! ಆದ್ದರಿಂದಲೇ ಭೂತ, ವರ್ತಮಾನ, ಭವಿಷ್ಯಗಳೆಲ್ಲ ದಾರಿಯ ಮೇಲಿನ ಊರುಗಳಂತೆ ಒಟ್ಟಿಗೇ ಇವೆ ಎಂದು ಹಲವು ಚಿಂತಕರು ವಾದಿಸುತ್ತಾರೆ. ಬಸ್ಸು ದಾಟಿತೆಂದ ಮಾತ್ರಕ್ಕೆ ಹಿರಿಯೂರು ಇಲ್ಲವಾಗುವುದಿಲ್ಲವಷ್ಟೆ. ಈ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ.

ಸದ್ಭಕ್ತರಲ್ಲಿ ಇಲ್ಲೊಂದು ಆತಂಕ ಹುಟ್ಟುವುದು ಸಹಜ. ನಾಳೆ ಎಂಬುದು ಈಗಾಗಲೇ ಇದ್ದರೆ ಕಾಯಕಕ್ಕೆ ಅರ್ಥವೇನು? ಎಲ್ಲವೂ ಹಣೆಬರಹವೆಂದು ಕೈಕಟ್ಟಿ ಕೂರಬಹುದಲ್ಲವೇ? ಸಿದ್ಧಾಂತದ ಇನ್ನೊಂದು ಭಾಗವನ್ನು ಮರೆತವರು ಮಾತ್ರ ಹಾಗೆ ಹೇಳಬಲ್ಲರು. ಕಾರಣವಾದ ಘಟನೆ ಮೊದಲು, ಅದರ ಪರಿಣಾಮ ನಂತರ. ಈ ಕ್ರಮ ಯಾರ ದೃಷ್ಟಿಯಲ್ಲೂ ತಿರುವುಮುರುವಾಗದು. ಬಿತ್ತನೆಗಿಂತ ಮೊದಲೇ ಕೊಯ್ಲನ್ನು ಕಂಡವರು ವಿಶ್ವದಲ್ಲೆಲ್ಲೂ ಇರಲಾರರು.

ಹನ್ನೆರಡನೆಯ ಶತಮಾನದ ಬಸವಾದಿ ಶರಣರು ವಾರ, ತಿಥಿ, ಲಗ್ನಗಳ ಶುಭಾಶುಭಗಳನ್ನು ತಳ್ಳಿಹಾಕಿ ಕಾಯಕವನ್ನು ಎತ್ತಿಹಿಡಿದರು. ಅದನ್ನು ಭೌತವಿಜ್ಞಾನ ಸಾಬೀತುಪಡಿಸಿದೆ ಎನ್ನುವುದು ಎರಡಕ್ಕೂ ನ್ಯಾಯವಲ್ಲ. ಶರಣರದು ಬದುಕಿನ ನಿಲುವು, ಇದು ಅಳತೆಯ ಶಾಸ್ತ್ರ.

ನಮ್ಮ ಸೀಮೆಯ ವಾಣಿವಿಲಾಸ ಸಾಗರವನ್ನೇ ನೋಡೋಣ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ 1907ರಲ್ಲಿ ಪೂರ್ಣಗೊಂಡು, 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಕಾಲದ ನಕ್ಷೆಯಲ್ಲಿ ಈ ಎರಡು ಕೋಡಿಗಳೂ ಅಕ್ಕಪಕ್ಕದಲ್ಲೇ ಇವೆ ಎಂದುಕೊಳ್ಳೋಣ. ಆದರೆ ಅವುಗಳ ನಡುವೆ ಸುರಿದ ಮಳೆಯೂ, ಭದ್ರೆಯ ನೀರಿಗಾಗಿ ರೈತರು ನಡೆಸಿದ ಹೋರಾಟವೂ, ಕಾಲುವೆ ತೋಡಿದವರ ಬೆವರೂ ಅದೇ ನಕ್ಷೆಯಲ್ಲಿವೆ. ಅವನ್ನು ಅಳಿಸಿ 2022ರ ಕೋಡಿಯೊಂದನ್ನೇ ಉಳಿಸಿಕೊಳ್ಳಲು ಬಾರದು.