ಕುಪ್ಪಳಿಯ ಮನೆಯೂ ಮಲೆಯೂ

ನಿಸರ್ಗವನ್ನು ಮಕ್ಕಳು ಪುಸ್ತಕದಿಂದಷ್ಟೇ ಅಲ್ಲದೆ ಕಣ್ಣಾರೆ ಕಂಡು ಕಲಿಯಬೇಕೆಂಬುದು ಪೋಷಕರೆಲ್ಲರ ಬಯಕೆ. ಅದಕ್ಕಾಗಿ ನಾವು ಬಹುದೂರ ಹೋಗಬೇಕಾದುದಿಲ್ಲ. ವಿದ್ಯಾನಗರದಿಂದ ಹೊರಟು, ಗಾಜನೂರು, ಮಂಡಗದ್ದೆಗಳ ಮೂಲಕ ಸುಮಾರು 60 ಕಿಲೋಮೀಟರು ಸಾಗಿದರೆ ತೀರ್ಥಹಳ್ಳಿ. ಅಲ್ಲಿಂದ ಕೊಪ್ಪದ ದಿಕ್ಕಿಗೆ ಸುಮಾರು 18 ಕಿಲೋಮೀಟರು ಹೋದರೆ ಕುಪ್ಪಳಿ.

1904ರಲ್ಲಿ ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಬೆಳೆದುದು ಕುಪ್ಪಳಿಯ ಒಕ್ಕಲುಮನೆಯಲ್ಲಿ. ತೀರ್ಥಹಳ್ಳಿಯ ಶಾಲೆಯಲ್ಲಿಯೂ ಆಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿಯೂ ಓದಿದ ಅವರು ಎಲ್ಲಿದ್ದರೂ ಈ ಮಲೆಯನ್ನು ಮರೆತವರಲ್ಲ. 1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಆ ಮನೆಯನ್ನು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯವಾಗಿ ಕಾಪಾಡುತ್ತಿದೆ. ಬೇಸಾಯದ ಉಪಕರಣಗಳನ್ನೂ ಅಡುಗೆಯ ಪಾತ್ರೆಗಳನ್ನೂ ಅಲ್ಲಿ ನೋಡಬಹುದು. ಸಮೀಪದ ಗುಡ್ಡವೇ ಕವಿಶೈಲ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲಿಯೇ ಇರುವುದು.

ಬಂದವರಲ್ಲಿ ಹಲವರು ಮನೆಯನ್ನು ನೋಡಿ, ಗುಡ್ಡದ ಮೇಲೆ ಸೂರ್ಯಾಸ್ತವನ್ನು ಕಂಡು ಹಿಂದಿರುಗುವರು. ಆದರೆ ಮನೆಗೂ ಮಲೆಗೂ ಇರುವ ಸಂಬಂಧವನ್ನು ತಿಳಿಯದಿದ್ದರೆ ಪಾಠವು ಅರ್ಧಕ್ಕೇ ನಿಂತಂತೆ. ಮಲೆನಾಡಿನ ಅಡಕೆತೋಟವು ಕಾಡಿನ ಆಸರೆಯಿಂದಲೇ ಬಾಳುವಂಥದು. ಬೆಟ್ಟದಿಂದ ತಂದ ಸೊಪ್ಪನ್ನು ಕೊಟ್ಟಿಗೆಯಲ್ಲಿ ಹಾಸುವರು. ದನಗಳ ತುಳಿತದಿಂದ ಅದು ಸಗಣಿಯೊಡನೆ ಬೆರೆತು, ಕೊಳೆತು, ಗೊಬ್ಬರವಾಗಿ ತೋಟಕ್ಕೆ ಸೇರುವುದು. ಮಳೆಯ ಹೊಡೆತವನ್ನು ಮರದ ಎಲೆಗಳು ತಡೆಯುವುವು. ಉದುರಿದ ತರಗು ನೀರನ್ನು ಮೆಲ್ಲನೆ ನೆಲಕ್ಕೆ ಇಳಿಸುವುದು. ಆ ನೀರೇ ಮುಂದೆ ಒರತೆಯಾಗಿ, ಹಳ್ಳವಾಗಿ ಗದ್ದೆಗೂ ತೋಟಕ್ಕೂ ಒದಗುವುದು. ಆದುದರಿಂದ ಮರವಿಲ್ಲದ ಗುಡ್ಡದ ಕೆಳಗಣ ತೋಟಕ್ಕೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುವ ಭಯ, ಬೇಸಗೆಯಲ್ಲಿ ನೀರಿಲ್ಲದ ಭಯ.

ಈಗ ಮಲೆನಾಡಿನ ಅನೇಕ ಮನೆಗಳ ಮಕ್ಕಳು ಪಟ್ಟಣ ಸೇರಿದ್ದಾರೆ. ವೃದ್ಧ ತಂದೆತಾಯಿಗಳು ಮಾತ್ರ ಊರಿನಲ್ಲಿ ಉಳಿದಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥ ಮನೆಗಳಿಂದ ಬಂದವರು ಉಂಟು. ಜಮೀನಿನ ಮಾತು ಬಂದಾಗ ಗದ್ದೆ ತೋಟಗಳನ್ನು ಎಣಿಸುವ ನಾವು ಬೆಟ್ಟವನ್ನು ಲೆಕ್ಕಕ್ಕೆ ಬಾರದ ಬರಿಯ ಕಾಡೆಂದು ಬಗೆಯಬಾರದು. ಮಿತವಾಗಿ ಸೊಪ್ಪು ಕಡಿದರೆ ಮರ ಮತ್ತೆ ಚಿಗುರುವುದು. ಬುಡವನ್ನೇ ಕಡಿದರೆ ಒಂದು ತಲೆಮಾರಿನಲ್ಲಿ ಅದನ್ನು ಮರಳಿ ಪಡೆಯುವುದು ಕಷ್ಟ. ಮನೆಯನ್ನು ದುರಸ್ತಿ ಮಾಡಲು ಬಡಗಿಗಳು ಸಿಕ್ಕಾರು. ಮಲೆಯನ್ನು ದುರಸ್ತಿ ಮಾಡುವ ಬಡಗಿ ಎಲ್ಲಿಯೂ ಇಲ್ಲ.

ಮಕ್ಕಳನ್ನು ಕುಪ್ಪಳಿಗೆ ಅವಶ್ಯವಾಗಿ ಕರೆದೊಯ್ಯಿರಿ. ಮಳೆಗಾಲದಲ್ಲಿ ಉಂಬಳದ ಕಾಟವಿರುವುದರಿಂದ ಚಳಿಗಾಲವೇ ಅನುಕೂಲ. ಬಂಡೆಯ ಮೇಲೆ ಹೆಸರು ಗೀಚಬಾರದೆಂದೂ ತಿಂಡಿಯ ಕಾಗದ, ಪ್ಲಾಸ್ಟಿಕ್ಕುಗಳನ್ನು ಹಿಂದಕ್ಕೆ ತರಬೇಕೆಂದೂ ಮೊದಲೇ ಹೇಳಿರಿ. ಕವಿಶೈಲದಲ್ಲಿ ಕಾಲು ಗಂಟೆ ಮಾತಿಲ್ಲದೆ ಕುಳ್ಳಿರಿಸಿ, ಎಷ್ಟು ಬಗೆಯ ಹಕ್ಕಿಯ ದನಿ ಕೇಳಿಸಿತೆಂದು ಕೇಳಿರಿ. ಬಳಿಕ ನಿಮ್ಮ ಅಜ್ಜನ ಮನೆಗೂ ಕರೆದೊಯ್ದು, ತೋಟದ ನೀರು ಎಲ್ಲಿಂದ ಬರುವುದೆಂದು ತೋರಿಸಿರಿ.