ಬೇಡುವ ಮುನ್ನ ಒಂದು ಥ್ಯಾಂಕ್ಸ್

ಬೆಳಿಗ್ಗೆ ಎದ್ದರೆ ಹಾಲು, ತಿಂಡಿ, ಮಕ್ಕಳ ಟಿಫಿನ್ ಬಾಕ್ಸ್. ಈ ಗಡಿಬಿಡಿಯಲ್ಲಿ ನಮಗೆ ದೇವರ ನೆನಪಾಗೋದು ಏನಾದರೂ ಬೇಕಾದಾಗ ಮಾತ್ರ, ಅಲ್ವಾ?

ನಮ್ಮ ಪಕ್ಕದ ಮನೆಯವರು ಮಂಗಳೂರಿನ ಕ್ಯಾಥೊಲಿಕರು. ಕೆಲವು ವರ್ಷದ ಹಿಂದೆ ಯಜಮಾನರ ಕೆಲಸ ಹೋಯಿತು. ಅಷ್ಟರಲ್ಲೇ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಜನ್ಮದಿನದ ಈ ಹಬ್ಬ ಕರಾವಳಿಯ ಕ್ಯಾಥೊಲಿಕರಿಗೆ ಹೊಸ ಬೆಳೆಯ ಹಬ್ಬವೂ ಹೌದು. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ.

"ಈ ಸಲ ಹಬ್ಬ ಮಾಡ್ತೀರಾ?" ಅಂತ ಸಂಕೋಚದಿಂದಲೇ ಕೇಳಿದೆ.

"ಇಲ್ಲದ್ದನ್ನ ಆಮೇಲೆ ಕೇಳ್ತೀನಿ ರೀ. ಇವತ್ತಿನ ಅನ್ನಕ್ಕೆ ಮೊದಲು ಥ್ಯಾಂಕ್ಸ್ ಹೇಳ್ಬೇಡ್ವಾ?" ಅಂದರು.

ಚಿಂತಿಸುತ್ತ ಕೂರದೆ, ಬೇಡಿಕೆಯ ಜೊತೆಗೆ ಕೃತಜ್ಞತೆಯನ್ನೂ ದೇವರ ಮುಂದಿಡಬೇಕು ಎಂದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗಲೇ.

ಹಾಗಂತ ಆಕೆ ಕೈಕಟ್ಟಿ ಕೂರಲಿಲ್ಲ. ಮನೆಯಲ್ಲೇ ಟ್ಯೂಷನ್ ಶುರು ಮಾಡಿದರು, ಖರ್ಚು ಬರೆದಿಟ್ಟರು. ಯಜಮಾನರಿಗೆ ಕೆಲಸ ಸಿಕ್ಕಿದ್ದು ಏಳು ತಿಂಗಳ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರಿಗೊಬ್ಬರು ಸಿಡುಕದಂತೆ ಕಾಪಾಡಿದ್ದು ರಾತ್ರಿ ಎಲ್ಲರೂ ಕೂತು ಹೇಳುತ್ತಿದ್ದ ಜಪಮಾಲೆ ಪ್ರಾರ್ಥನೆ ಅಂತಾರೆ.

ನೀವೂ ಮಾಡಿ ನೋಡಿ:

* ಒಲೆ ಹಚ್ಚುವ ಮುನ್ನ ಒಂದೇ ನಿಮಿಷ ಕಣ್ಣು ಮುಚ್ಚಿ, ಇರುವುದಕ್ಕೆ ವಂದನೆ ಹೇಳಿ.

* ಮಲಗುವ ಮುಂಚೆ ಮಕ್ಕಳಿಂದ ಆ ದಿನದ ಮೂರು ಒಳ್ಳೆಯ ಸಂಗತಿ ಹೇಳಿಸಿ.

* ಕಾಡುವ ಚಿಂತೆಯನ್ನು ಚೀಟಿಯಲ್ಲಿ ಬರೆದು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಿ. ನಿಮ್ಮ ಕೈಲಾಗೋದನ್ನ ಅಂದೇ ಮಾಡಿ.

ಕಷ್ಟ ತಕ್ಷಣ ಕರಗದೇ ಇರಬಹುದು. ಆದರೆ ರಾತ್ರಿ ನಿದ್ದೆಯಂತೂ ಬರುತ್ತೆ!